ಮೂಗು ಸೋರುವುದಕ್ಕೆ ಇನ್ನೊಂದು ಲೆಕ್ಕ

ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದು ಒಗ್ಗರಣೆ ಕೊಂಚ ಸೀದರೆ ಸಾಕು, ಮನೆಯಿಡೀ ಘಾಟು. ಒಲೆಯ ಮುಂದಿದ್ದವರು ಸೀನುತ್ತಾರೆ, ಹಜಾರದಲ್ಲಿ ಪೇಪರ್ ಓದುತ್ತಿದ್ದವರು ಕೆಮ್ಮುತ್ತಾರೆ, ಎಲ್ಲರ ಮೂಗಿನಿಂದಲೂ ನೀರು ಇಳಿಯುತ್ತದೆ. ಅಲ್ಲಿ ವೈರಸ್ ಇಲ್ಲ, ಅಲರ್ಜಿಯೂ ಇಲ್ಲ. ಕಿಟಕಿ ತೆರೆದು ಸ್ವಲ್ಪ ಹೊತ್ತು ಕಳೆದರೆ ಎಲ್ಲವೂ ತಾನಾಗಿ ನಿಂತುಹೋಗುತ್ತದೆ. ಮೂಗು ಸೋರಿದ್ದೇಕೆ ಎಂದು ಎಲ್ಲರೂ ಕೇಳುತ್ತಾರೆ. ನಿಂತದ್ದು ಹೇಗೆ ಎಂದು ಕೇಳುವವರು ಅಪರೂಪ. ನಮ್ಮ ವೈದ್ಯರ ಚೀಟಿಗಳೂ ಮೆಡಿಕಲ್ ಶಾಪಿನ ಸಲಹೆಗಳೂ ಈ ಎರಡನೆಯ ಪ್ರಶ್ನೆಯನ್ನು ಕೈಬಿಟ್ಟಿವೆ, ಅದರಿಂದ ರೋಗಿಗಳಿಗೆ ನಷ್ಟವಾಗುತ್ತಿದೆ ಎಂಬುದು ನನ್ನ ವಾದ.

ಮೂಗು ಸೋರುತ್ತಿದೆ ಎಂದು ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ಸಿಟ್ರಿಜಿನ್, ಇಲ್ಲವೇ ಅದರ ಸೋದರ ಲಿವೊಸಿಟ್ರಿಜಿನ್. ಎರಡೂ ಹಿಸ್ಟಮಿನ್ ಎಂಬ ರಾಸಾಯನಿಕದ ಕೈಕಟ್ಟುವ ಮಾತ್ರೆಗಳು. ಪರಾಗದಿಂದ, ದೂಳಿನ ಹುಳುವಿನಿಂದ ಬರುವ ಅಲರ್ಜಿಗೆ ಇವು ಒಳ್ಳೆಯ ಮದ್ದು, ಅದರಲ್ಲಿ ತಕರಾರಿಲ್ಲ. ಸಾಮಾನ್ಯ ನೆಗಡಿಯ ಕತೆ ಬೇರೆ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಸಂಶೋಧಕರು ಸ್ವಯಂಸೇವಕರ ಮೂಗಿಗೆ ರೈನೋವೈರಸ್ ಬಿಟ್ಟು, ನೆಗಡಿ ಹಿಡಿದ ಮೇಲೆ ಮೂಗು ತೊಳೆದ ನೀರನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಹಿಸ್ಟಮಿನ್ ಏರಿರಲಿಲ್ಲ. ಏರಿದ್ದು ಬ್ರಾಡಿಕೈನಿನ್ ಮತ್ತು ಅದರ ಬಳಗ. ಇವು ಪೆಪ್ಟೈಡ್‌ಗಳು, ಅಂದರೆ ಕೆಲವೇ ಅಮೈನೋ ಆಮ್ಲಗಳನ್ನು ಪೋಣಿಸಿದ ಸಣ್ಣ ಸರಗಳು. ಹಳೆಯ ಕಾಲದ ಕ್ಲೋರ್‌ಫೆನಿರಮಿನ್ ನೆಗಡಿಯಲ್ಲಿ ಒಂದಿಷ್ಟು ಮೂಗು ಒಣಗಿಸುವುದು ನಿಜ. ಅದು ಅಸಿಟೈಲ್‌ಕೋಲೀನ್ ಎಂಬ ಬೇರೊಂದು ರಾಸಾಯನಿಕವನ್ನೂ ತಡೆಯುತ್ತದೆ, ನಿದ್ದೆಯನ್ನೂ ತರುತ್ತದೆ. ಅದರ ಜತೆ ಒಂದೇ ಮಾತ್ರೆಯಲ್ಲಿ ಬರುವ ಫಿನೈಲೆಫ್ರಿನ್, ಬಾಯಿಂದ ನುಂಗಿದರೆ ಕಟ್ಟಿದ ಮೂಗನ್ನು ಬಿಡಿಸುವುದೇ ಇಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು. ಅದೇ ಡಿಸೆಂಬರಿನಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಈ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯಲು ಆದೇಶಿಸಿದರು. ಅಂಗಡಿಯ ಮಾರಾಟಕ್ಕೆ ಇದರಿಂದ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಂತೆ ಕಾಣುವುದಿಲ್ಲ.

ಮೂಗು ದಿನಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಬೆಚ್ಚಗೆ ಮಾಡಿ, ಒದ್ದೆ ಮಾಡಿ, ಸೋಸಿ ಒಳಗೆ ಕಳಿಸುತ್ತದೆ. ಲೋಳೆ ಇಲ್ಲದೆ ಈ ಕೆಲಸ ಸಾಗದು. ಎಷ್ಟು ಲೋಳೆ, ಎಷ್ಟು ನೀರು, ರಕ್ತನಾಳ ಎಷ್ಟು ಹಿಗ್ಗಬೇಕು ಎಂಬುದನ್ನು ಮೂರು ಬಗೆಯ ನರಗಳು ಸೇರಿ ನಿರ್ಧರಿಸುತ್ತವೆ. ಘಾಟು, ಹೊಗೆ, ತಣ್ಣನೆಯ ಗಾಳಿಯನ್ನು ಗ್ರಹಿಸುವ ಸಂವೇದಕ ನರಗಳ ತುದಿಯಲ್ಲಿ ಸಬ್‌ಸ್ಟೆನ್ಸ್ ಪಿ, ನ್ಯೂರೋಕೈನಿನ್ ಎ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳಿವೆ. ಗ್ರಂಥಿಗಳಿಗೆ ಸುರಿಸು ಎಂದು ಅಪ್ಪಣೆ ಕೊಡುವ ಪ್ಯಾರಾಸಿಂಪಥೆಟಿಕ್ ನರಗಳಲ್ಲಿ ಅಸಿಟೈಲ್‌ಕೋಲೀನಿನ ಜತೆಗೆ ವಿಐಪಿ ಎಂಬ 28 ಅಮೈನೋ ಆಮ್ಲಗಳ ಪೆಪ್ಟೈಡ್ ಇದೆ. ರಕ್ತನಾಳವನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳಲ್ಲಿ ನ್ಯೂರೋಪೆಪ್ಟೈಡ್ ವೈ ಇದೆ. ನರದಿಂದ ಹೊರಬೀಳುವ ಇಂಥ ಪೆಪ್ಟೈಡ್‌ಗಳನ್ನೇ ಒಟ್ಟಾಗಿ ನ್ಯೂರೋಪೆಪ್ಟೈಡ್ ಎನ್ನುವುದು. ಒಂದೊಂದರ ಕೆಲಸ ಒಂದೊಂದು. ಸಿಜಿಆರ್‌ಪಿ ರಕ್ತನಾಳವನ್ನು ಬಹಳ ಹೊತ್ತು ಹಿಗ್ಗಿಸಿಡುತ್ತದೆ, ಗ್ರಂಥಿಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಸಬ್‌ಸ್ಟೆನ್ಸ್ ಪಿ ಗ್ರಂಥಿಯನ್ನೂ ಕೆರಳಿಸುತ್ತದೆ, ರಕ್ತನಾಳದ ಗೋಡೆಯಿಂದ ದ್ರವ ಜಿನುಗುವಂತೆಯೂ ಮಾಡುತ್ತದೆ.

ಈ ಸಬ್‌ಸ್ಟೆನ್ಸ್ ಪಿಯ ಚರಿತ್ರೆ ಸ್ವಾರಸ್ಯದ್ದು. 1931ರಲ್ಲಿ ಲಂಡನ್ನಿನ ಹೆನ್ರಿ ಡೇಲ್ ಪ್ರಯೋಗಾಲಯದಲ್ಲಿ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಕುದುರೆಯ ಮಿದುಳು ಮತ್ತು ಕರುಳಿನ ಸಾರದಲ್ಲಿ ಅದನ್ನು ಗುರುತಿಸಿದರು. ಅದು ಏನೆಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು. ಅಮೆರಿಕದ ಸೂಸನ್ ಲೀಮನ್ ದನದ ಮಿದುಳಿನ ಭಾಗದಿಂದ ಬೇರೊಂದು ಹಾರ್ಮೋನು ಹುಡುಕುತ್ತಿದ್ದರು. ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಬಾಯಿಂದ ಜೊಲ್ಲು ಸುರಿಯತೊಡಗಿತು. ಹುಡುಕಿದ ಹಾರ್ಮೋನನ್ನು ಬದಿಗಿಟ್ಟು ಜೊಲ್ಲಿನ ಬೆನ್ನು ಹತ್ತಿದ ಆಕೆ ಕೊನೆಗೆ ಹಿಡಿದದ್ದು ಇದೇ ಸಬ್‌ಸ್ಟೆನ್ಸ್ ಪಿಯನ್ನು. 1971ರಲ್ಲಿ ಅದರ 11 ಅಮೈನೋ ಆಮ್ಲಗಳ ಕ್ರಮ ಪ್ರಕಟವಾಯಿತು. ನೋವಿನ ರಾಸಾಯನಿಕವೆಂದು ಮುಂದೆ ಹೆಸರಾದ ಈ ವಸ್ತುವಿನ ಗುಟ್ಟು ಬಿಟ್ಟುಕೊಟ್ಟದ್ದು ಸ್ರವಿಸುವ ಗ್ರಂಥಿ.

ಮೂಗಿನಲ್ಲೂ ಅದು ಹಾಗೆಯೇ ಕೆಲಸ ಮಾಡುತ್ತದೆ ಎಂಬುದಕ್ಕೆ 1980–90ರ ದಶಕದಲ್ಲಿ ಅಮೆರಿಕದ ಜೇಮ್ಸ್ ಬರಾನಿಯಕ್, ಮೈಕೆಲ್ ಕಲೈನರ್ ಮತ್ತವರ ಜತೆಗಾರರು ಪುರಾವೆ ಕೂಡಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ಮೂಗಿನ ಲೋಳೆಪೊರೆಯ ಚೂರುಗಳನ್ನು ಜೀವಂತವಾಗಿಟ್ಟು ಸಬ್‌ಸ್ಟೆನ್ಸ್ ಪಿ, ವಿಐಪಿ ಸುರಿದಾಗ ಅವು ಲೋಳೆ ಬಿಟ್ಟವು. ಅಲರ್ಜಿ ಇರುವವರ ಮೂಗಿಗೆ ಪರಾಗದ ಸಾರ ಹಾಕಿದಾಗ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ, ವಿಐಪಿ ಮೂರೂ ಮೂಗಿನ ನೀರಿನಲ್ಲಿ ಏರಿದ್ದನ್ನು 1993ರಲ್ಲಿ ಕಲೈನರ್ ಗುಂಪೇ ವರದಿ ಮಾಡಿತು. ಅಂದರೆ ಅಲರ್ಜಿಯೂ ಬರೀ ಹಿಸ್ಟಮಿನ್ ವ್ಯವಹಾರವಲ್ಲ.

ಇಲ್ಲಿಯವರೆಗಿನದ್ದು ಸುರಿಸುವವರ ಕತೆ. ಒಮ್ಮೆ ಹೊರಬಿದ್ದ ಪೆಪ್ಟೈಡನ್ನು ತೆಗೆದುಹಾಕುವವರು ಯಾರು? ನಾರ್‌ಅಡ್ರಿನಲಿನ್‌ನಂತೆ ಇವುಗಳನ್ನು ನರದ ತುದಿ ವಾಪಸು ಹೀರಿ ಮತ್ತೆ ಬಳಸುವ ಏರ್ಪಾಡು ಇಲ್ಲ. ಕತ್ತರಿಸಿಯೇ ಮುಗಿಸಬೇಕು. ಕತ್ತರಿಸುವ ಕೆಲಸ ಕಿಣ್ವಗಳದ್ದು. ಮಲೆನಾಡಿನ ಅಡಿಕೆ ತೋಟದಲ್ಲಿ ನೀರು ನಿಂತರೆ ಹೊಸಬರು ಮಳೆಯನ್ನು ಬೈಯುತ್ತಾರೆ, ಅನುಭವಿ ಕೃಷಿಕರು ಗುದ್ದಲಿ ಹಿಡಿದು ಬಸಿಗಾಲುವೆ ನೋಡಲು ಹೋಗುತ್ತಾರೆ. ಮೂಗಿನ ವಿಷಯದಲ್ಲಿ ನಮ್ಮ ಚಿಕಿತ್ಸೆ ಇನ್ನೂ ಮಳೆಯನ್ನು ಬೈಯುವ ಹಂತದಲ್ಲೇ ಇದೆ.

ಈ ಕಿಣ್ವಗಳಲ್ಲಿ ಮುಖ್ಯವಾದದ್ದು ನ್ಯೂಟ್ರಲ್ ಎಂಡೋಪೆಪ್ಟಿಡೇಸ್, ಈಗ ಹೆಚ್ಚಾಗಿ ನೆಪ್ರಿಲೈಸಿನ್ ಎನ್ನುತ್ತಾರೆ. ಸತುವಿನ ಅಣುವೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡ ಈ ಕಿಣ್ವ ಕೋಶದ ಹೊರಮೈಗೆ ಅಂಟಿ, ಬಾಯನ್ನು ಹೊರಗೆ ಚಾಚಿಕೊಂಡಿರುತ್ತದೆ. ಮೂಗಿನ ಮೇಲ್ಪದರದಲ್ಲಿ, ಗ್ರಂಥಿಗಳಲ್ಲಿ, ರಕ್ತನಾಳದ ಒಳಗೋಡೆಯಲ್ಲಿ ಅದು ಕೂತಿದೆ. ಗಮನಿಸಿ, ಪೆಪ್ಟೈಡ್ ಎಲ್ಲಿ ಪರಿಣಾಮ ಬೀರಬೇಕೋ ಅದೇ ಜಾಗಗಳಲ್ಲಿ. ಸಬ್‌ಸ್ಟೆನ್ಸ್ ಪಿ ಗ್ರಾಹಕಕ್ಕೆ ತಾಗುವುದು ತನ್ನ ಬಾಲದ ಭಾಗದಿಂದ. ನೆಪ್ರಿಲೈಸಿನ್ ಕತ್ತರಿ ಹಾಕುವುದು ಆರನೆಯ ಅಮೈನೋ ಆಮ್ಲದಿಂದ ಆಚೆಗೆ, ಅಂದರೆ ಸರಿಯಾಗಿ ಬಾಲಕ್ಕೆ. ತುಂಡಾದ ಬಾಲಕ್ಕೆ ಶಕ್ತಿಯಿಲ್ಲ.

ಈ ಕಿಣ್ವದ ಬಾಯಿ ಕಟ್ಟಿದರೆ ಏನಾಗುತ್ತದೆ ಎಂದು ನೋಡಿದವರು ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇ ನೇಡಲ್ ಮತ್ತು ಸಂಗಡಿಗರು. ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯ ಶ್ವಾಸನಾಳಕ್ಕೆ ಸಬ್‌ಸ್ಟೆನ್ಸ್ ಪಿ ಜತೆ ಥಯೋರ್ಫಾನ್ ಎಂಬ ತಡೆಮದ್ದು ಹಾಕಿದಾಗ ಗ್ರಂಥಿಗಳ ಸ್ರಾವ ಹೆಚ್ಚಿತು. ಪೆಪ್ಟೈಡ್ ಅಷ್ಟೇ, ನರ ಅದೇ, ಗ್ರಂಥಿ ಅದೇ. ಕತ್ತರಿ ಮಾತ್ರ ಸುಮ್ಮನಿತ್ತು. ಮುಂದಿನ ಎರಡು ಪ್ರಯೋಗಗಳು ನನಗೆ ಇನ್ನೂ ಮುಖ್ಯವೆನಿಸುತ್ತವೆ, ಏಕೆಂದರೆ ಅಲ್ಲಿ ತಡೆಮದ್ದನ್ನು ಯಾರೂ ಹಾಕಲಿಲ್ಲ. 1988ರಲ್ಲಿ ಇನ್‌ಫ್ಲುಯೆಂಜಾ ತಗುಲಿದ ಫೆರೆಟ್‌ಗಳ ಶ್ವಾಸನಾಳದಲ್ಲಿ ಈ ಕಿಣ್ವದ ಚಟುವಟಿಕೆ ಕುಸಿದು, ಸಬ್‌ಸ್ಟೆನ್ಸ್ ಪಿಗೆ ಶ್ವಾಸನಾಳ ಅತಿಯಾಗಿ ಸ್ಪಂದಿಸಿದ್ದು ಕಂಡಿತು. 1989ರಲ್ಲಿ ಗಿನಿಪಿಗ್‌ಗಳಿಗೆ ಸಿಗರೇಟು ಹೊಗೆ ಕುಡಿಸಿದಾಗಲೂ ಅದೇ ಫಲ. ಅಂದರೆ ವೈರಸ್ಸೂ ಹೊಗೆಯೂ ನರವನ್ನು ಕೆರಳಿಸುವುದಷ್ಟೇ ಅಲ್ಲ, ಕೆರಳಿದ್ದನ್ನು ತಣಿಸುವ ಏರ್ಪಾಡನ್ನೂ ಹಾಳುಮಾಡುತ್ತವೆ. ಫ್ಲೂ ಬಿಟ್ಟು ವಾರಗಳಾದರೂ ಸಣ್ಣ ಧೂಳಿಗೆ, ಅಗರಬತ್ತಿಯ ಹೊಗೆಗೆ ಕೆಲವರು ಕೆಮ್ಮಿ ಸೀನುವುದೇಕೆ ಎಂಬುದಕ್ಕೆ ಇದು ಪೂರ್ತಿ ಉತ್ತರವಲ್ಲದಿದ್ದರೂ ಒಪ್ಪುವಂಥ ಉತ್ತರ. ವೈರಸ್ ಹೋದ ಮೇಲೂ ಮೇಲ್ಪದರದ ಕೋಶಗಳು ಹೊಸದಾಗಿ ಬೆಳೆದು ಕಿಣ್ವ ಹೊರುವವರೆಗೆ ಕಾಯಬೇಕಲ್ಲ. ಆ ಹೊತ್ತಿನಲ್ಲಿ ಆಂಟಿಬಯೋಟಿಕ್ ನುಂಗಿಸುವುದು ನಮ್ಮ ಊರುಗಳ ರೂಢಿ.

ಮನುಷ್ಯರ ಮೂಗಿನಲ್ಲೇ ಕಂಡ ಸಾಕ್ಷ್ಯವೂ ಇದೆ. ಡಿಪಿಪಿ-4 ಎಂಬ ಇನ್ನೊಂದು ಕಿಣ್ವ ಸಬ್‌ಸ್ಟೆನ್ಸ್ ಪಿಯನ್ನು ತಲೆಯ ಕಡೆಯಿಂದ ಎರಡೆರಡು ಅಮೈನೋ ಆಮ್ಲ ಕಿತ್ತು, ಉಳಿದ ತುಂಡನ್ನು ಬೇರೆ ಕಿಣ್ವಗಳಿಗೆ ಸುಲಭದ ತುತ್ತಾಗಿಸುತ್ತದೆ. ಹಳೆಯ ಸೈನಸೈಟಿಸ್ ಇರುವವರ ಮೂಗಿನ ಪೊರೆಯಲ್ಲಿ ಈ ಕಿಣ್ವದ ಚಟುವಟಿಕೆ ಕಡಿಮೆಯಾಗಿರುವುದನ್ನು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು 2002ರಲ್ಲಿ ತೋರಿಸಿದರು; ಹಂದಿಗಳಲ್ಲಿ ಅದನ್ನು ಮದ್ದಿನಿಂದ ತಡೆದಾಗ ಮೂಗಿನ ಮೇಲೆ ಸಬ್‌ಸ್ಟೆನ್ಸ್ ಪಿಯ ಪ್ರಭಾವ ಹೆಚ್ಚಿತು. ಸಕ್ಕರೆ ಕಾಯಿಲೆಗೆ ನಮ್ಮಲ್ಲಿ ಲಕ್ಷಾಂತರ ಮಂದಿ ನುಂಗುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಮಾತ್ರೆಗಳು ತಡೆಯುವುದು ಇದೇ ಡಿಪಿಪಿ-4ನ್ನು. ಸಿಟಾಗ್ಲಿಪ್ಟಿನ್‌ನ ಲೇಬಲ್ಲಿನಲ್ಲಿ ಮೂಗು-ಗಂಟಲಿನ ಉರಿಯೂತ ಸಾಮಾನ್ಯ ಅಡ್ಡಪರಿಣಾಮವಾಗಿ ಸೇರಿತ್ತು. ಆಮೇಲೆ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯತ್ಯಾಸ ಬಹುಮಟ್ಟಿಗೆ ಕರಗಿತು. ಹಾಗಾಗಿ ಶುಗರ್ ಮಾತ್ರೆಯನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಲು ನಾನು ತಯಾರಿಲ್ಲ.

ಬಿಪಿ ಮಾತ್ರೆಯ ವಿಷಯದಲ್ಲಿ ಆ ಸಂಕೋಚ ಬೇಕಿಲ್ಲ. ಬ್ರೆಜಿಲಿನ ಜರರಾಕಾ ಹಾವಿನ ವಿಷ ಬ್ರಾಡಿಕೈನಿನ್ ಪರಿಣಾಮವನ್ನು ಹೆಚ್ಚಿಸುತ್ತದೆ ಎಂದು ಸರ್ಜಿಯೋ ಫೆರೇರಾ ತೋರಿಸಿದ್ದರಿಂದ ಹೊರಟ ದಾರಿ 1981ರಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆಗೆ ತಲುಪಿತು. ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ಇವು ತಡೆಯುವ ಎಸಿಇ ಎಂಬ ಕಿಣ್ವ ಆಂಜಿಯೋಟೆನ್ಸಿನ್ ತಯಾರಿಸಿ ರಕ್ತದೊತ್ತಡ ಏರಿಸುತ್ತದೆ. ಅದೇ ಕಿಣ್ವ ಬ್ರಾಡಿಕೈನಿನ್ ಮತ್ತು ಸಬ್‌ಸ್ಟೆನ್ಸ್ ಪಿಯನ್ನು ಕತ್ತರಿಸುವುದೂ ಹೌದು. ಕತ್ತರಿ ನಿಂತಾಗ ಅವೆರಡೂ ಗಾಳಿದಾರಿಯಲ್ಲಿ ಉಳಿದು ನರವನ್ನು ಕೆರೆಯುತ್ತಿರುತ್ತವೆ. ಮಾತ್ರೆ ನುಂಗುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಗಂಟಲಲ್ಲಿ ಮಾತ್ರ ಕೆರೆತ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಕೆಮ್ಮು ಮಾತ್ರೆ ಶುರುಮಾಡಿದ ತಿಂಗಳುಗಳ ಮೇಲೆ ಬರುವುದೂ ಉಂಟು, ಆಗ ಎರಡಕ್ಕೂ ನಂಟು ಕಲ್ಪಿಸುವವರಿಲ್ಲ. ಸಿರಪ್, ಆಂಟಿಬಯೋಟಿಕ್, ಕೊನೆಗೆ ಕಫ ಪರೀಕ್ಷೆ. ಮೂಗು-ಗಂಟಲಿಗೆ ಒಬ್ಬ ವೈದ್ಯರು, ಬಿಪಿಗೆ ಇನ್ನೊಬ್ಬರು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರುವುದಿಲ್ಲ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ, ಕೆಲವರಿಗೆ ಮೂರು ತಿಂಗಳಲ್ಲಿ, ಕೆಮ್ಮು ಹೋಗುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂಥ ಬದಲಿ ಮಾತ್ರೆಗಳು ಎಸಿಇ ಗೊಡವೆಗೆ ಹೋಗುವುದಿಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಬಾರದು. ಕತ್ತರಿಸುವ ಕಿಣ್ವವೇ ಇಷ್ಟು ಮುಖ್ಯವಾದರೆ, ನೆಪ್ರಿಲೈಸಿನ್ ತಡೆಯುವ ಮಾತ್ರೆ ನುಂಗಿದವರೆಲ್ಲರ ಮೂಗೂ ಕೋಡಿ ಹರಿಯಬೇಕಿತ್ತು. ಅಂಥ ಮಾತ್ರೆ ನಮ್ಮ ಅಂಗಡಿಗಳಲ್ಲೇ ಇದೆ. ಹೃದಯ ದುರ್ಬಲವಾದವರಿಗೆ ಕೊಡುವ ಸಕುಬಿಟ್ರಿಲ್-ವಾಲ್ಸಾರ್ಟನ್ ಜೋಡಿಯಲ್ಲಿ ಸಕುಬಿಟ್ರಿಲ್ ತಡೆಯುವುದು ನೆಪ್ರಿಲೈಸಿನ್‌ನನ್ನೇ. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದನ್ನು ಎನಲಾಪ್ರಿಲ್ ಜತೆ ಹೋಲಿಸಿದಾಗ ಕೆಮ್ಮು ಹೆಚ್ಚಾಗಲಿಲ್ಲ, ಕಡಿಮೆಯಿತ್ತು: ಶೇ. 11.3, ಎನಲಾಪ್ರಿಲ್‌ನವರಲ್ಲಿ ಶೇ. 14.3. ಇನ್ನೂ ಒಂದು ಮೋಜಿದೆ. ಮಕ್ಕಳ ಭೇದಿಗೆ ಓಆರ್‌ಎಸ್ ಜತೆ ಕೆಲವು ವೈದ್ಯರು ಕೊಡುವ ರೇಸಿಕಡೊಟ್ರಿಲ್ ಪುಡಿ ದೇಹದೊಳಗೆ ಥಯೋರ್ಫಾನ್ ಆಗಿಯೇ ಮಾರ್ಪಡುತ್ತದೆ. ಫೆರೆಟ್‌ಗಳ ಗ್ರಂಥಿಗಳ ಸ್ರಾವ ಹೆಚ್ಚಿಸಿದ ಅದೇ ಥಯೋರ್ಫಾನ್ ಕರುಳಿನಲ್ಲಿ ಸ್ರಾವವನ್ನು ತಗ್ಗಿಸುತ್ತದೆ! ಕಾರಣ, ಕರುಳಿನಲ್ಲಿ ಆ ಕಿಣ್ವ ಕತ್ತರಿಸುವುದು ಎನ್‌ಕೆಫಾಲಿನ್ ಎಂಬ ಬೇರೆ ಪೆಪ್ಟೈಡನ್ನು. ಎನ್‌ಕೆಫಾಲಿನ್ ಉಳಿದರೆ ನೀರು ಸುರಿಯುವುದು ನಿಲ್ಲುತ್ತದೆ. ಕಿಣ್ವಕ್ಕೆ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ, ಎದುರಿಗೆ ಸಿಕ್ಕ ಪೆಪ್ಟೈಡ್ ಯಾವುದು ಎನ್ನುವುದೇ ಲೆಕ್ಕ.

ಆಕ್ಷೇಪಕ್ಕೆ ಉತ್ತರ ಒಮಾಪಾಟ್ರಿಲಾಟ್ ಎಂಬ ಸೋತ ಮದ್ದಿನಲ್ಲಿದೆ. ನೆಪ್ರಿಲೈಸಿನ್ ಮತ್ತು ಎಸಿಇ ಎರಡನ್ನೂ ಒಟ್ಟಿಗೆ ತಡೆದು ಬಿಪಿ ಇಳಿಸಲು ಮಾಡಿದ ಔಷಧ ಅದು. 25,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಆಕ್ಟೇವ್ ಎಂಬ ಅಧ್ಯಯನದಲ್ಲಿ ಬಿಪಿ ಚೆನ್ನಾಗಿಯೇ ಇಳಿಯಿತು. ಆದರೆ ತುಟಿ, ನಾಲಗೆ, ಗಂಟಲು ಊದಿಕೊಳ್ಳುವ ಆಂಜಿಯೋಎಡಿಮಾ ಶೇ. 2.17 ಮಂದಿಗೆ ಬಂತು. ಬರೀ ಎಸಿಇ ತಡೆಯುವ ಎನಲಾಪ್ರಿಲ್ ತೆಗೆದುಕೊಂಡವರಲ್ಲಿ ಅದು ಶೇ. 0.68. ಧೂಮಪಾನಿಗಳಲ್ಲಂತೂ ಶೇ. 3.93ಕ್ಕೆ ಏರಿತ್ತು. ಔಷಧಕ್ಕೆ ಅನುಮತಿ ಸಿಗಲಿಲ್ಲ. ಒಂದು ಕಿಣ್ವ ನಿಂತರೆ ಅದರ ಪಾಲಿನ ಕೆಲಸವನ್ನು ಉಳಿದವು ಹೊರುತ್ತವೆ. ಎರಡು ಒಟ್ಟಿಗೆ ನಿಂತರೆ ದೇಹ ತತ್ತರಿಸುತ್ತದೆ. ಹೊಗೆಯ ಮೇಲೆ ಇನ್ನೊಂದು ಹೊಡೆತ ಬಿದ್ದಾಗ ಏನಾಗುತ್ತದೆ ಎಂಬುದಕ್ಕೂ ಆ ಕೊನೆಯ ಅಂಕಿ ಒಂದು ಸುಳಿವು ಎಂದೇ ನಾನು ಓದಿಕೊಂಡಿದ್ದೇನೆ. ಸಕುಬಿಟ್ರಿಲ್ ಜೋಡಿಯನ್ನು ರಾಮಿಪ್ರಿಲ್‌ನಂಥ ಮಾತ್ರೆಯ ಜತೆ ಕೊಡಬಾರದು, ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ 36 ಗಂಟೆ ಬಿಡುವಿರಬೇಕು ಎಂಬ ನಿಯಮ ಹುಟ್ಟಿದ್ದು ಈ ಪಾಠದಿಂದ. ಹಾಗಾಗಿ ಕಿಣ್ವ ಮುಖ್ಯವಲ್ಲ ಎಂದಲ್ಲ, ಒಂದೇ ಕಿಣ್ವ ಮುಖ್ಯವಲ್ಲ ಎಂದು ತಿದ್ದಿಕೊಳ್ಳಬೇಕು.

ಇಷ್ಟೆಲ್ಲ ತಿಳಿದಿದ್ದರೂ ಸೋರುವ ಮೂಗಿಗೆ ಪೆಪ್ಟೈಡ್ ತಡೆಯುವ ಮಾತ್ರೆ ಏಕೆ ಬಂದಿಲ್ಲ ಎಂದು ಕೇಳಬಹುದು. ಸಬ್‌ಸ್ಟೆನ್ಸ್ ಪಿಯ ಗ್ರಾಹಕವನ್ನು ಮುಚ್ಚುವ ಅಪ್ರೆಪಿಟೆಂಟ್ 2003ರಲ್ಲಿ ಬಂತು, ಕಿಮೋಥೆರಪಿಯ ವಾಂತಿಗೆ. ಸಿಜಿಆರ್‌ಪಿ ತಡೆಯುವ ಚುಚ್ಚುಮದ್ದು 2018ರಲ್ಲಿ ಬಂತು, ಮೈಗ್ರೇನಿಗೆ. ಮೂಗಿನ ಪಾಲಿಗೆ ಅಂಥದ್ದು ಬರಲಿಲ್ಲ. ಮೂಗಿನಲ್ಲಿ ನಾಲ್ಕೈದು ಪೆಪ್ಟೈಡ್ ಒಟ್ಟಿಗೆ ಓಡಾಡುವಾಗ ಒಂದರ ಗ್ರಾಹಕ ಮುಚ್ಚಿ ಪ್ರಯೋಜನ ಕಡಿಮೆ. ಜತೆಗೆ ನೀರಿನಂತೆ ಸುರಿಯುವ ಸ್ರಾವದ ಹೆಚ್ಚಿನ ಪಾಲು ಮಿದುಳಿನ ಮೂಲಕ ಸುತ್ತಿ ಬರುವ ಅಸಿಟೈಲ್‌ಕೋಲೀನ್ ಆಜ್ಞೆಯದ್ದು. ಖಾರ ತಿಂದಾಗ ಮೂಗು ಸೋರುವುದನ್ನು ಅಟ್ರೊಪಿನ್ ತಡೆಯುವುದು ಅದಕ್ಕೇ. ಪೆಪ್ಟೈಡ್‌ಗಳ ಕೈ ಮೇಲಾಗುವುದು ಮೂಗು ಮೊದಲೇ ಉರಿದಿರುವಾಗ. ಆರೋಗ್ಯವಂತರ ಮೂಗಿಗೆ ಮೆಣಸಿನ ಕ್ಯಾಪ್ಸೈಸಿನ್ ಹಾಕಿದರೆ ಲೋಳೆ ಬರುತ್ತದೆ, ಅಲರ್ಜಿಯವರ ಮೂಗಿಗೆ ಹಾಕಿದರೆ ಲೋಳೆಯ ಜತೆಗೆ ರಕ್ತನಾಳದಿಂದ ದ್ರವವೂ ಜಿನುಗುತ್ತದೆ ಎಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಅಳೆದು ತೋರಿಸಿದ್ದಾರೆ.

ಕಾಲುವೆಯನ್ನೇ ಅಗಲ ಮಾಡುವ ಮದ್ದು ಒಂದಿದೆ ಎನ್ನಬಹುದು, ಅದು ಹೊಸದೇನಲ್ಲ. ಮನುಷ್ಯರ ಶ್ವಾಸನಾಳದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಹಾಕಿದಾಗ ನೆಪ್ರಿಲೈಸಿನ್ ಹೆಚ್ಚಿತು. ಮೂಗಿಗೆ ಹೊಡೆದುಕೊಳ್ಳುವ ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳ ಗುಣಕ್ಕೆ ಇದೊಂದೇ ಕಾರಣವಲ್ಲ, ಒಂದು ಪಾಲು ಇರಲಿಕ್ಕೆ ಸಾಕು. ನಮ್ಮಲ್ಲಿ ಸ್ಟೀರಾಯ್ಡ್ ಎಂದರೆ ಹೆದರಿ ಸ್ಪ್ರೇಯನ್ನು ಎರಡು ದಿನಕ್ಕೆ ಬಿಡುವವರು, ತಕ್ಷಣ ಮೂಗು ತೆರೆಯುವ ಕ್ಸೈಲೋಮೆಟಾಜೋಲಿನ್ ಹನಿಯನ್ನು ತಿಂಗಳುಗಟ್ಟಲೆ ಬಿಟ್ಟುಕೊಳ್ಳುತ್ತಾರೆ. ಇದು ತಲೆಕೆಳಗಾದ ಧೈರ್ಯ. ಹನಿಯನ್ನು ವಾರ ಮೀರಿ ಬಳಸಿದರೆ ಮೂಗು ಅದರಿಂದಲೇ ಕಟ್ಟತೊಡಗುತ್ತದೆ; ಸ್ಪ್ರೇ ಪೂರ್ಣ ಗುಣ ತೋರಲು ವಾರ ಎರಡು ವಾರ ಬೇಕು.

ತಿಂಗಳುಗಟ್ಟಲೆ ಮೂಗು ಸೋರುವವರ, ಬಿಡದೆ ಕೆಮ್ಮುವವರ ಮುಂದೆ ಕೂತ ವೈದ್ಯರು ಅಲರ್ಜಿ ಯಾವುದರದ್ದು ಎಂದಷ್ಟೇ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಯಾವ ಮಾತ್ರೆ ನುಂಗುತ್ತಿದ್ದೀರಿ, ಬೀಡಿ ಸಿಗರೇಟು ಉಂಟೇ, ಇತ್ತೀಚೆಗೆ ಫ್ಲೂ ಬಂದಿತ್ತೇ ಎಂಬ ಮೂರು ಮಾತಿಗೆ ಖರ್ಚಿಲ್ಲ, ಯಂತ್ರವೂ ಬೇಕಿಲ್ಲ. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಮುಂದಿನ ಸಲ ಮೂಗು-ಗಂಟಲಿನ ವೈದ್ಯರ ಬಳಿ ಹೋಗುವಾಗ ಬಿಪಿ, ಶುಗರ್, ಹೃದಯದ ಮಾತ್ರೆಗಳ ಸ್ಟ್ರಿಪ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಡಿ. ಆದರೆ ಈ ಲೇಖನ ಓದಿ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ; ಬದಲಿಸುವುದಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರೇ ಬದಲಿಸಲಿ.